ತಾಯಿ ಉಣ್ಣದ ಮನೆ

ಸರೋಜಾ ಮೇಡಂ ಊಟಕ್ಕೆ ಕೂತರೆ ತಮ್ಮ ಎಲೆಗಿಂತ ಮೊದಲು ಪಂಕ್ತಿಯನ್ನು ನೋಡುತ್ತಿದ್ದರು. ಯಾರ ಪಕ್ಕ ಯಾರು ಕೂತಿದ್ದಾರೆ, ಬಡಿಸುವವರು ಯಾರು, ಕೊನೆಗೆ ಉಣ್ಣುವವರು ಯಾರು. ಮಧ್ಯಕಾಲದ ಜನ ಏನು ಉಣ್ಣುತ್ತಿದ್ದರು, ಯಾರ ಜೊತೆ ಉಣ್ಣುತ್ತಿದ್ದರು ಎಂಬುದೇ ಅವರ ಜೀವಮಾನದ ಸಂಶೋಧನೆ. ದೊಡ್ಡಬಳ್ಳಾಪುರದ ಕಾಲೇಜಿನಲ್ಲಿ ನಾನು ಅವರ ಕಿರಿಯ ಸಹೋದ್ಯೋಗಿ. ಶಾಸನ ಹುಡುಕಿಕೊಂಡು ಅವರೊಂದಿಗೆ ಊರೂರು ಅಲೆದವಳು. ಹೊಲದ ಬದುವಿನಲ್ಲಿ ಕಲ್ಲೊಂದನ್ನು ತೊಳೆದು ಓದುತ್ತಾ ಒಮ್ಮೆ ಅಂದರು: "ದೇವರ ನೈವೇದ್ಯಕ್ಕೆ ಎಷ್ಟು ತುಪ್ಪ ಅಂತ ಬರ್ದವ್ರೆ. ಆ ತುಪ್ಪ ಕಾಸಿದೋಳು ಏನು ಉಂಡ್ಳು ಅಂತ ಯಾರೂ ಬರೀಲಿಲ್ಲ ನೋಡಮ್ಮ."

ಅವರ ಗಂಡ ನಾಗರಾಜ್ ಸರ್ ದಲಿತ ಕುಟುಂಬದವರು, ಹೈಸ್ಕೂಲು ಮೇಷ್ಟ್ರು. ಆ ಮದುವೆಯಾದ ಮೇಲೆ ಮೇಡಂ ಅವರ ಅವ್ವ ಮಗಳ ಮನೆಯಲ್ಲಿ ತೊಟ್ಟು ನೀರೂ ಮುಟ್ಟಲಿಲ್ಲ. ಹಾಗಂತ ಬರುವುದನ್ನು ಬಿಡಲೂ ಇಲ್ಲ. ಅವರೆಕಾಯಿ ಕಾಲಕ್ಕೆ ಹೊಸಕೋಟೆ ಕಡೆಯ ತಮ್ಮೂರಿಂದ ಚೀಲ ಹೊತ್ತು ಬರುವರು. ಜಗಲಿಯ ಮೇಲೆ ಕೂತು ತಾವೇ ತಂದ ಮುದ್ದೆ ಬಿಚ್ಚಿ ತಿನ್ನುವರು.

"ಅವ್ವ, ಮಜ್ಜಿಗೆನಾದ್ರೂ ಕುಡಿ."

"ಬ್ಯಾಡ ಕಣವ್ವ. ನಾಳೆ ಊರಲ್ಲಿ ನಾಕು ಜನಕ್ಕೆ ಮುಖ ತೋರಿಸ್ಬೇಕು ನಾನು."

ಮೇಡಂ ತಮ್ಮ ತಟ್ಟೆ ತಂದು ಪಕ್ಕದಲ್ಲೇ ಕೂರುವರು. ಅವ್ವನನ್ನು ಬಸ್ಸು ಹತ್ತಿಸಿ ಬಂದ ಒಂದು ಸಂಜೆ ನನಗೆ ಅಂದರು: "ಇದೆಲ್ಲಾ ಎಲ್ಲಿಂದ ಬಂತು, ಹೆಂಗೆ ಬೆಳೀತು ಅಂತ ಪುಸ್ತಕಾನೇ ಬರ್ದಿದ್ದೀನಿ. ನಮ್ಮವ್ವನಿಗೆ ಒಂದು ಲೋಟ ಮಜ್ಜಿಗೆ ಕುಡಿಸೋಕಾಗ್ಲಿಲ್ಲ."

ಕಳೆದ ಚಳಿಗಾಲದಲ್ಲಿ ಅವ್ವನಿಗೆ ಲಕ್ವ ಹೊಡೆಯಿತು. ಹೊಸಕೋಟೆಯ ಆಸ್ಪತ್ರೆಯಲ್ಲಿ ಮಗಳ ಕೈ ಹಿಡಿದು ತೊದಲಿದರಂತೆ: "ನಿನ್ ಮನೇದು... ಒಂದ್ ತುತ್ತು ತತ್ತಾರವ್ವ."

ಮೇಡಂ ಮನೆಗೆ ಓಡಿಬಂದರು. ನಾಗರಾಜ್ ಸರ್ ಹಿತಕಿದ ಬೇಳೆ ಸಾರು ಮಾಡಿ, ಅನ್ನ ನುಣ್ಣಗೆ ಕಿವುಚಿ ಡಬ್ಬಿಗೆ ತುಂಬಿದರು. ಮೂವರೂ ನನ್ನ ಕಾರಿನಲ್ಲಿ ಹೊರಟೆವು. ದೇವನಹಳ್ಳಿ ದಾಟುವಾಗಲೂ ಮೇಡಂ ಡಬ್ಬಿಗೆ ಸೆರಗು ಸುತ್ತಿ, ಆರದಂತೆ ಮಡಿಲಲ್ಲಿ ಅವುಚಿಕೊಂಡಿದ್ದರು. ನಾವು ಹೋಗುವಷ್ಟರಲ್ಲಿ ಅವ್ವನಿಗೆ ನುಂಗುವ ಶಕ್ತಿ ಹೋಗಿತ್ತು. ಬಾಯಿಗೆ ಏನೂ ಹಾಕಬೇಡಿ ಎಂದರು ಡಾಕ್ಟರು. ಮೇಡಂ ಬೆರಳ ತುದಿಯನ್ನು ಸಾರಿನಲ್ಲಿ ಅದ್ದಿ ತುಟಿಗೆ ಸವರಿದರು. ಅವ್ವ ಕಣ್ಣು ತೆರೆದು ಮಗಳನ್ನು, ಬಾಗಿಲಲ್ಲಿ ನಿಂತ ಅಳಿಯನನ್ನು ನೋಡಿದರು. ಸಾರು ಬಾಯಿಯ ಅಂಚಿನಿಂದ ಜಾರಿ ದಿಂಬಿಗಿಳಿಯಿತು. ಮರುದಿನ ಅವ್ವ ತೀರಿಕೊಂಡರು.

ಆಮೇಲೆ ಮೇಡಂ ಒಂದು ಸಾಲೂ ಬರೆಯಲಿಲ್ಲ. ಊಟವೂ ಬರಬರುತ್ತಾ ಕಡಿಮೆಯಾಯಿತು. ಬೇಸಿಗೆಯ ಒಂದು ಬೆಳಿಗ್ಗೆ ಹೃದಯ ನಿಂತು ಅವರೂ ಹೋಗಿಬಿಟ್ಟರು.

ಅದರ ಹಿಂದಿನ ವಾರ ನೋಡಲು ಹೋಗಿದ್ದೆ. ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದರು: "ಅವತ್ತು ನೀನೂ ಅಲ್ಲೇ ಇದ್ದೆಯಲ್ಲಮ್ಮ. ಒಂದು ಹನಿಯಾದ್ರೂ ನಮ್ಮವ್ವನ ಗಂಟಲಿಗೆ ಇಳೀತಾ?"

"ಇಳೀತು ಮೇಡಂ. ನಾನೇ ನೋಡಿದೆ" ಅಂದೆ.

ಯಾವ ಮಾತಿಗೂ ಆಧಾರ ಕೇಳದೆ ಬಿಡದ ಮೇಡಂ ಅಂದು ಏನೂ ಕೇಳಲಿಲ್ಲ. ನನ್ನ ಕೈ ಒತ್ತಿ, "ಹಂಗಾದ್ರೆ ಸರಿ" ಅಂದರು.