ಅಪ್ಪನ ಬೆನ್ನು

ಮುದ್ದೇಬಿಹಾಳದಲ್ಲಿ ಮಗಳ ಕರಾಟೆ ಕ್ಲಾಸಿನ ಬಾಗಿಲಿಗೆ ಬಂದರೆ ಸಾಕು, ಬೆವರು, ಎಣ್ಣೆ ಬೆರೆತ ವಾಸನೆ ಮೂಗಿಗೆ ಬಡಿಯುತ್ತದೆ. ಕಾಲು ನಿಂತಲ್ಲಿ ನಿಲ್ಲುವುದಿಲ್ಲ.

ಇಂಗಳೇಶ್ವರದ ನಮ್ಮ ಗರಡಿಮನೆಯಲ್ಲೂ ಇದೇ ವಾಸನೆ. ಎಣ್ಣೆ, ಮಜ್ಜಿಗೆ ಹಾಕಿ ಹದ ಮಾಡಿದ ಕೆಂಪು ಮಣ್ಣು ಕಿವಿಯೊಳಗೂ ಸೇರುತ್ತಿತ್ತು. ದಿನಾ ನನ್ನನ್ನು ಕರೆದೊಯ್ಯುತ್ತಿದ್ದ ಅಪ್ಪ, ನಾನು ಕುಸ್ತಿಗೆ ಇಳಿದ ಕೂಡಲೇ ಬೆನ್ನು ತಿರುಗಿಸಿ ಹೊಸ್ತಿಲ ಮೇಲೆ ನಿಲ್ಲುತ್ತಿದ್ದ. ಹೆಗಲ ಮೇಲಿನ ಟವೆಲ್ ತೆಗೆದು ಹಿಂಡುತ್ತಿದ್ದ, ಬಿಚ್ಚುತ್ತಿದ್ದ, ಮತ್ತೆ ಹಿಂಡುತ್ತಿದ್ದ. ಗೆದ್ದರೂ ತಿರುಗುತ್ತಿರಲಿಲ್ಲ. ನನ್ನ ಕುಸ್ತಿ ಅವನಿಗೆ ಸೇರುವುದಿಲ್ಲವೆಂದು ಒಂದು ದಿನ ಅವ್ವನ ಮುಂದೆ ಅತ್ತುಬಿಟ್ಟೆ.

“ಹುಚ್ಚ ಖೋಡಿ, ಹಡದವರ ದೃಷ್ಟಿನ ಲಗೂ ತಾಗತೈತಿ. ಅದಕ್ಕ ನಿಮ್ಮಪ್ಪ ನೋಡಂಗಿಲ್ಲ,” ಎಂದಳು ಅವ್ವ.

ಇವತ್ತು ಮಗಳ ಬೆಲ್ಟ್ ಪರೀಕ್ಷೆ. ಉಳಿದ ತಂದೆ-ತಾಯಂದಿರೆಲ್ಲ ಮೊಬೈಲ್ ಎತ್ತಿ ಹಿಡಿದು ನಿಂತಿದ್ದರು. ನಾನು ಕಿವಿಯನ್ನಷ್ಟೇ ಒಳಗಿಟ್ಟು, ರಸ್ತೆಯ ಆಟೋಗಳನ್ನು ನೋಡುತ್ತಾ ಬೈಕಿನ ಕೀ ತಿರುವುತ್ತಿದ್ದೆ.

ಹೊಸ ಬೆಲ್ಟ್ ಕೈಯಲ್ಲಿ ಹಿಡಿದು ಮಗಳು ಹೊರಗೆ ಬಂದಳು.

“ಪಪ್ಪಾ, ನೋಡಿದ್ಯೇನ?”

“ನೋಡಿದ್ನವಾ,” ಎಂದೆ.

“ಸುಳ್ಳ ಹೇಳಬ್ಯಾಡ. ಒಳಗಿಂದ ನಾ ನಿನ್ನ ಬೆನ್ನ ಅಷ್ಟ ನೋಡಾಕತ್ತಿದ್ದೆ.”