ಕಾಕಾನ ದನಿಗೆ ಕಟ್ಟಿದ ಆಂಪ್ಲಿಫಾಯರ್

ಆಂಪ್ಲಿಫಾಯರ್ ಕಟ್ಟುವ ಹುಚ್ಚು ನನಗೆ ಹಿಡಿದದ್ದು ನಮ್ಮ ಕಾಕಾನ ದನಿ ಕುಗ್ಗಿದ ಮೇಲೆ. ಹುಕ್ಕೇರಿಯ ನಮ್ಮ ಓಣಿಯ ಬಸವಣ್ಣನ ಗುಡಿಯಲ್ಲಿ ಸೋಮವಾರದ ಭಜನೆಗೆ ಅವರೇ ಮುಂದಾಳು. ಒಂದು ಕೆಟ್ಟ ಜ್ವರ ಬಂದು ಹೋಯಿತು; ಹೋಗುವಾಗ ಅವರ ದನಿಯನ್ನೂ ಅರ್ಧ ಒಯ್ದಿತು. ರಾಗ ತಪ್ಪುತ್ತಿರಲಿಲ್ಲ, ಆದರೆ ತಾಳದ ಸಪ್ಪಳದಲ್ಲಿ ಪಕ್ಕದವರಿಗೂ ಕೇಳುತ್ತಿರಲಿಲ್ಲ. ಹೆಂಗಸರು ಗುಡಿಯ ಹೊರಗೆ ಬೇವಿನ ಗಿಡದ ಕೆಳಗೆ ಕೂಡುವುದು ರೂಢಿ. ಅಲ್ಲಿ ಕೂತ ಕಾಕುವಿಗೆ ಗಂಡನ ಹಾಡು ಬರುವುದು ನಿಂತೇಹೋಗಿತ್ತು. ಶ್ರಾವಣದಿಂದ ಬೇರೆಯವರು ಮುಂದೆ ಕೂಡ್ರಲಿ ಎಂಬ ಮಾತು ಎದ್ದಿತು. ಕಾಕು ಅಂದು ಊಟ ಬಿಟ್ಟರು.

ನಾನಾಗ ಸಂಕೇಶ್ವರದ ಸಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಕರಿಹಲಗೆಯ ಮೇಲೆ ವಿದ್ಯುತ್ತು ಹರಿಸಿ ಹರಿಸಿ ಬೇಸರ ಬಂದಿತ್ತು, ಖರೆ ವಿದ್ಯುತ್ತನ್ನು ಕೈಯಲ್ಲಿ ಹಿಡಿಯಬೇಕೆಂಬ ಆಸೆ ಇತ್ತು. ಕೊಲ್ಲಾಪುರದ ಅಂಗಡಿಯಿಂದ ಬಿಡಿಭಾಗಗಳ ಪೆಟ್ಟಿಗೆ ತಂದೆ: ತಗಡಿನ ತಳ, ಗಾಜಿನ ಮೂರು ವಾಲ್ವು, ಭಾರದ ಟ್ರಾನ್ಸ್‌ಫಾರ್ಮರ್, ನಕಾಶೆಯ ಹಾಳೆ. ಜೊತೆಗೆ ಒಂದು ಮೈಕು, ದನಿ ಹೊರಬೀಳುವ ತುತ್ತೂರಿಯಂಥ ಭೋಂಗಾ. ಸಂಕೇಶ್ವರದ ನನ್ನ ಬಾಡಿಗೆ ಕೋಣೆಯಲ್ಲಿ ಕೂತು ಬೆಸುಗೆ ಹಾಕಿದೆ. ವಾಲ್ವಿನೊಳಗೆ ಕೆಂಡದ ಎಳೆ ಮೂಡಿದಾಗ ಕಣ್ಣು ಕೀಳಲಾಗಲಿಲ್ಲ. ಮೈಕು ಹಿಡಿದು ಕೆಮ್ಮಿದರೆ ಭೋಂಗಾ ನನ್ನ ಹತ್ತರಷ್ಟು ಕೆಮ್ಮಿತು.

ಹುಕ್ಕೇರಿಯ ಮನೆಗೆ ತಂದು ಕರೆಂಟಿಗೆ ಹಚ್ಚಿದೆ. ಭೋಂಗಾ ಗುಂಯ್ ಎಂದಿತು, ಹಿಂದೆಯೇ ಒಗ್ಗರಣೆಗೆ ಸಾಸಿವೆ ಬಿದ್ದಂತೆ ಚಟಪಟ ಸುರುವಾಯಿತು. ಆ ಗದ್ದಲದಲ್ಲಿ ಕಾಕಾನ ದನಿ ಹುಡುಕಿದರೂ ಸಿಗಲಿಲ್ಲ. ಅವರು ಮೈಕನ್ನು ಮೆಲ್ಲಗೆ ಕೆಳಗಿಟ್ಟು ಎದ್ದು ಹೋದರು. ನನಗೆ ಅವಮಾನವೆನಿಸಿತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

ಮತ್ತೆ ಬಸ್ಸಿನಲ್ಲಿ ಮಡಿಲ ಮೇಲಿಟ್ಟುಕೊಂಡು ಸಂಕೇಶ್ವರಕ್ಕೆ ಒಯ್ದೆ. ಅಲ್ಲಿ ಹಚ್ಚಿದರೆ ಗುಬ್ಬಿಯಷ್ಟೂ ಗದ್ದಲವಿಲ್ಲ. ಮಗ್ಗಲು ಬದಲಿಸಿ ನೋಡಿದೆ, ಬಡಿದು ನೋಡಿದೆ, ಪ್ರತಿ ಬೆಸುಗೆಗೂ ಮೀಟರ್ ಹಿಡಿದೆ. ವಾಲ್ವು ಕೂಡುವ ಗೂಡಿನ ಸುತ್ತ ಏನೋ ಕಂದು ಅಂಟು ಇತ್ತು. ಬೆಸುಗೆಯ ರಾಳವಿರಬೇಕೆಂದು ಒರೆಸಿ ಬಿಟ್ಟೆ. ಹುಕ್ಕೇರಿಗೆ ತಂದೆ. ಮತ್ತೆ ಅದೇ ಚಟಪಟ. ಅರ್ಧ ತಾಸು ಹಾಗೇ ಬಿಟ್ಟರೆ ತಾನಾಗಿಯೇ ಸುಮ್ಮನಾಗುತ್ತಿತ್ತು. ಬಸ್ಸಿನ ಕುಲುಕಾಟವೆಂದರೆ ಬಿಸಿಯಾದ ಮೇಲೆ ಯಾಕೆ ಸುಮ್ಮನಾಗಬೇಕು? ನಮ್ಮೂರ ಕರೆಂಟಿನ ದೋಷವೆಂದರೆ ಆಮೇಲೂ ಅದೇ ಕರೆಂಟು ತಾನೇ? ಊಟಕ್ಕೆ ಕೂತರೂ ನನಗೆ ಇದೇ ಧ್ಯಾನ. ಸಂಕೇಶ್ವರದಲ್ಲಿ ಇಲ್ಲದ್ದು ಹುಕ್ಕೇರಿಯಲ್ಲಿ ಏನಿದೆ ಎಂದು ರೊಟ್ಟಿ ಮುರಿಯುತ್ತ ಲೆಕ್ಕ ಹಾಕುತ್ತಿದ್ದೆ.

ಕೊನೆಗೆ ತಂತಿ ಕಿತ್ತು, ಯಂತ್ರ ತಣ್ಣಗಾದ ಮೇಲೆ ಬೋರಲು ಹಾಕಿದೆ. ಒರೆಸಿದ್ದ ಅಂಟು ಮತ್ತೆ ಬಂದಿತ್ತು. ನಾನು ಹೊಸ ಬೆಸುಗೆ ಹಾಕದೆ ರಾಳ ಎಲ್ಲಿಂದ ಬಂತು? ಬೆರಳಿಗೆ ಹಚ್ಚಿ ಮೂಸಿದೆ. ತಡೆಯಲಾರದೆ ನಾಲಿಗೆಗೆ ಇಟ್ಟೆ. ಸಿಹಿ!

ನಮ್ಮ ಮನೆಯಲ್ಲಿ ಹೊಲಿಗೆ ಯಂತ್ರ ಬರಲಿ, ನೀರೆತ್ತುವ ಎಂಜಿನ್ ಬರಲಿ, ಕಾಯಿ ಒಡೆದು ಅದರ ನೀರು ಚಿಮುಕಿಸದೆ ಯಾರೂ ಮುಟ್ಟುವಂತಿಲ್ಲ. ಊರು ದಾಟಿ ರಿಪೇರಿಯಾಗಿ ಬಂದದ್ದಕ್ಕೂ ಕಾಕುವಿನ ಲೆಕ್ಕದಲ್ಲಿ ಹೊಸ ಪೂಜೆ. ಗಂಡನ ದನಿ ತರಬೇಕಾದ ಈ ಯಂತ್ರಕ್ಕೆ ಅವರು ಕೈ ಬಿಚ್ಚಿಯೇ ಚಿಮುಕಿಸುತ್ತಿದ್ದರು. ನಾನೂ ಕೈ ಮುಗಿದು ನಿಂತಿರುತ್ತಿದ್ದೆ. ಮೇಲೆ ಮುಚ್ಚಳವಿಲ್ಲ, ನೀರು ವಾಲ್ವಿನ ಬುಡಕ್ಕೆ ಇಳಿದು, ಕರೆಂಟಿಗೆ ಕಳ್ಳದಾರಿ ಮಾಡಿಕೊಡುತ್ತಿತ್ತು. ಬಿಸಿಗೆ ಒಣಗಿದರೆ ದಾರಿ ಬಂದ್.

ಊಹೆ ಸಾಲದು, ನೋಡಬೇಕಿತ್ತು. ಎಲ್ಲ ಒರೆಸಿ ಒಣಗಿಸಿ ಹಚ್ಚಿದೆ, ಭೋಂಗಾ ಸುಮ್ಮನಿತ್ತು. ಆರಿಸಿ, ತಂತಿ ಕಿತ್ತು, ಎಂದಿನಂತೆ ಪೂಜೆ ಮಾಡಲು ಕಾಕುವಿಗೆ ಹೇಳಿದೆ. ಮಾಡಿದರು. ಅವರನ್ನು ದೂರ ನಿಲ್ಲಿಸಿ ಹಚ್ಚಿದೆ. ಸಾಸಿವೆ ಸಿಡಿಯಿತು. ನನಗೆ ಕುಣಿಯುವಷ್ಟು ಖುಷಿ. ತಿರುಗಿ ಕಾಕುವಿನ ಮುಖ ನೋಡಿದ ಮೇಲೆ ಆ ಖುಷಿ ಉಳಿಯಲಿಲ್ಲ.

"ತಮ್ಮಾ, ಅವರ ದನಿಗೆ ನಾನ ಅಡ್ಡ ಬಂದ್ನೇನು?" ಎಂದರು.

"ನೀರು ಅಡ್ಡ ಬಂತ್ರಿ ಕಾಕು, ನೀವಲ್ಲ. ಒಣಗಿದ್ರ ಹೋಗ್ತೈತಿ."

ಅವರು ಕಾಯಿಯ ಹೋಳುಗಳನ್ನು ಒಳಗೆ ಒಯ್ದರು.

ಶ್ರಾವಣಕ್ಕೆ ಮುಂಚಿನ ಕೊನೆಯ ಸೋಮವಾರ ಯಂತ್ರವನ್ನು ಗುಡಿಗೆ ಒಯ್ದೆವು. ಕಾಕು ಕಾಯಿ ಹಿಡಿದೇ ಬಂದರು. ಮತ್ತೆ ಸಾಸಿವೆ ಸಿಡಿಯುವುದೇ ಸೈ ಅಂದುಕೊಂಡೆ. ಅವರು ಕಾಯಿ ಒಡೆದು ನೀರನ್ನು ಬಟ್ಟಲಿಗೆ ಹಿಡಿದರು. ಯಂತ್ರವನ್ನೊಮ್ಮೆ ನೋಡಿ ಬಟ್ಟಲನ್ನು ಕಾಕಾನ ಮುಂದೆ ಹಿಡಿದರು.

"ಅದಕ್ಕ ಬ್ಯಾಡಂತ್ರಿ. ನೀವ ಕುಡೀರಿ."

ಕಾಕಾ ಕುಡಿದು, ಗಂಟಲು ಸರಿಮಾಡಿಕೊಂಡು ಹಾಡಿದರು. ಅದು ಹಳೆಯ ದನಿಯಾಗಿರಲಿಲ್ಲ, ಅಂಚು ಸವೆದಿತ್ತು. ಆದರೆ ಗುಡಿ ದಾಟಿ ಓಣಿಯ ತುದಿಗೆ ಹೋಯಿತು. ತಾಳದವರು ತಾವಾಗಿಯೇ ಬಿರುಸಾಗಿ ಬಡಿದರು. ಮುಂದೆ ಯಾರು ಕೂಡಬೇಕೆಂಬ ಮಾತು ಮತ್ತೆ ಬರಲಿಲ್ಲ.

ಮುಗಿದ ಮೇಲೆ ಕಾಕಾ ಬೇವಿನ ಗಿಡದ ಹತ್ತಿರ ಹೋಗಿ, ತಮ್ಮ ಸಣ್ಣ ದನಿಯಲ್ಲಿ, ಕೇಳಿಸಿತೇ ಎಂದು ಕೇಳಿದರು.

"ಕೇಳಸ್ತ್ರಿ," ಎಂದರು ಕಾಕು. "ಕಡೀ ನುಡ್ಯಾಗ ನೀವು ಉಸುರ ತಗೊಂಡದ್ದೂ ಕೇಳಸ್ತು."