ಸಾಸಿವೆ ಗಾತ್ರದ ನಿಂಬೆಹಣ್ಣು

"ಇದು ನಿನ್ ಕೈಲಿ ಆಗೋ ಕೆಲ್ಸ ಅಲ್ಲ, ಬುಡ್ಲಾ" ಎಂದವರು ಕುಣಿಗಲ್ಲಿನ ನಮ್ಮ ಸೋದರಮಾವ. ಈ ಮಾತನ್ನು ಅವರು ಒಂದು ಸಲ ಆಡಿದ್ದಲ್ಲ. ನಾನು ಸೈಕಲ್ ಕಲಿಯುವಾಗ ಆಡಿದ್ದರು, ಬಾವಿಗೆ ಇಳಿದು ಈಜು ಕಲಿಯುವಾಗ ಆಡಿದ್ದರು, ಕಾಲೇಜಿಗೆ ಸೇರಿದಾಗ ಇಡೀ ಬೀದಿಗೆ ಕೇಳುವಂತೆ ಆಡಿದ್ದರು. ಈ ಬೆಳಿಗ್ಗೆ ಗಾಜಿನ ಕಪಾಟಿನ ಧೂಳು ಹೊಡೆಯುತ್ತಿದ್ದೆ. ಒಳಗಿರುವ ಪ್ಲಾಸ್ಟಿಕ್ ಜೆಟ್ ವಿಮಾನದ ಚಕ್ರದಡಿಯಿಂದ ಹಳದಿ ಬಣ್ಣದ ಒಂದು ಸಾಸಿವೆ ಕಾಳು ಉರುಳಿ ನೆಲಕ್ಕೆ ಬಿತ್ತು. ಅದನ್ನು ಹುಡುಕುತ್ತಾ ಮಂಚದ ಕೆಳಗೆ ಹೊಟ್ಟೆಯ ಮೇಲೆ ತೆವಳುವಾಗ ಮಾವನ ಮಾತು ನೆನಪಾಯಿತು. ಒಂದು ಸಾಸಿವೆ ಕಾಳಿಗೆ ಇಷ್ಟು ಒದ್ದಾಟವೇ ಎಂದು ನೀವು ಕೇಳಬಹುದು. ಅದು ಸಾಸಿವೆಯಲ್ಲ ಸ್ವಾಮಿ, ನಿಂಬೆಹಣ್ಣು. ಸ್ವಲ್ಪ ತಾಳಿ, ಹೇಳುತ್ತೇನೆ.

ನಮ್ಮದು ಹಾಗಲವಾಡಿ ಕಡೆಯ ಮನೆತನ. ಅದರಲ್ಲಿ ಪದವಿ ಎಂಬುದನ್ನು ಕಂಡವನು ನಾನೇ ಮೊದಲಿಗ. ಹೇಳಿಕೊಳ್ಳಲು ನನಗೆ ಯಾವ ನಾಚಿಕೆಯೂ ಇಲ್ಲ. ಹೆಸರಿನ ಮುಂದೆ ಬಿ.ಕಾಂ. ಸೇರಿಸದೆ ನಾನು ಎಲ್ಲೂ ಹೆಸರು ಬರೆದವನಲ್ಲ. ಬಾಗಿಲಿನ ಫಲಕದಲ್ಲಿದೆ, ಅಕ್ಕನ ಮಗಳ ಲಗ್ನಪತ್ರಿಕೆಯಲ್ಲಿದೆ, ಗ್ಯಾಸ್ ಬುಕ್ಕಿನಲ್ಲೂ ಇದೆ. ಸಿಲಿಂಡರ್ ತರುವವನು ನನ್ನನ್ನು "ಬಿಕಾಂ ಸಾರ್" ಎಂದೇ ಕೂಗುತ್ತಾನೆ. ಆದರೆ ಅದು ಸುಲಭವಾಗಿ ಬಂದದ್ದಲ್ಲ. ಹಗಲೆಲ್ಲ ಚೇಳೂರಿನ ಗೊಬ್ಬರದಂಗಡಿಯಲ್ಲಿ ಮೂಟೆ ಎಣಿಸುವುದು, ಗುಬ್ಬಿ ಬಸ್ಸಿನಲ್ಲಿ ನಿಂತೇ ಓದುವುದು. ಅಕೌಂಟೆನ್ಸಿ ಪೇಪರಿಗೆ ನನ್ನ ಮೇಲೆ ಎಷ್ಟು ಪ್ರೀತಿಯೆಂದರೆ, ಮತ್ತೆ ಮತ್ತೆ ಕರೆಸಿಕೊಂಡಿತು. ಕೊನೆಗೂ ಪಾಸಾದಾಗ ಜೊತೆಯವರ ಘಟಿಕೋತ್ಸವ ಯಾವತ್ತೋ ಮುಗಿದಿತ್ತು. ನನ್ನ ಪದವಿಪತ್ರವನ್ನು ಜಾಲರಿ ಕಿಟಕಿಯ ಕೆಳಗಿನ ಸಂದಿಯಿಂದ ಈಚೆ ತಳ್ಳಿದರು. ತಳ್ಳಿದವರು ನನ್ನ ಮುಖ ನೋಡಲಿಲ್ಲ. ಊಟದ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದರು.

ಮನೆಗೆ ತಂದೆ. ಅವ್ವ ದೇವರ ಮುಂದಿಟ್ಟಳು. ಮಾವ ಮಾತ್ರ ಅದನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ನೋಡಿ ಕೇಳಿದರು:

"ಯಾರ್ಲಾ ಕೊಟ್ಟಿದ್ದು?"

"ಕೌಂಟರ್‌ನಾಗೆ ಕೊಟ್ರು ಮಾವ."

"ಸ್ಟೇಜು, ಭಾಷಣ, ಶಾಲು?"

"ಏನೂ ಇಲ್ಲ."

"ಹೂಂ" ಎಂದು ವಾಪಸು ಕೊಟ್ಟರು.

ಆ "ಹೂಂ" ವರ್ಷಗಟ್ಟಲೆ ನನ್ನ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಕೂತಿತ್ತು. ಒಂದೇ ಒಂದು ಸಲ ಯಾರಾದರೂ ನನ್ನನ್ನು ವೇದಿಕೆಗೆ ಕರೆದು ಕೈಗೆ ಒಂದು ಕಾಗದ ಕೊಡಬೇಕು, ಈ ಮನುಷ್ಯ ಮುಂದಿನ ಸಾಲಿನಲ್ಲಿ ಕೂತು ಅದನ್ನು ನೋಡಬೇಕು. ನನ್ನ ಆಸೆ ಇಷ್ಟೇ. ಆದರೆ ಹಾಡಲು ಬಾರದ, ಓಡಲು ಬಾರದ, ನಿವೃತ್ತಿಗೆ ಬಹಳ ದೂರವಿರುವ ಮನುಷ್ಯನನ್ನು ಯಾರು ವೇದಿಕೆಗೆ ಕರೆಯುತ್ತಾರೆ?

ಅಷ್ಟರಲ್ಲಿ ಕೆಲಸ ಸಿಕ್ಕಿ, ಅವ್ವನೊಂದಿಗೆ ತುಮಕೂರಿನಲ್ಲಿ ಬಾಡಿಗೆ ಮನೆ ಹಿಡಿದಿದ್ದೆ. ವರ್ಗವಾಗಿ ಹೊರಟ ಸಹೋದ್ಯೋಗಿಯೊಬ್ಬರು "ಇದನ್ನ ಬಿಚ್ಚೋಕೂ ಟೈಮಾಗ್ಲಿಲ್ಲ, ನೀವಾದ್ರೂ ಮಾಡಿ" ಎಂದು ಒಂದು ದೊಡ್ಡ ಡಬ್ಬ ಕೊಟ್ಟು ಹೋದರು. ಒಳಗೆ ಬೂದು ಬಣ್ಣದ ಪ್ಲಾಸ್ಟಿಕ್ ಚೌಕಟ್ಟುಗಳು, ಅವಕ್ಕೆ ಅಂಟಿಕೊಂಡ ಅಸಂಖ್ಯ ಚೂರುಗಳು. ಒಂದೊಂದನ್ನೇ ಕತ್ತರಿಸಿ, ಉಜ್ಜಿ, ಅಂಟಿಸಿ, ಬಣ್ಣ ಬಳಿದರೆ ಒಂದು ಮಿಗ್ ಯುದ್ಧವಿಮಾನ. ನಿಜವಾದದ್ದರ ಮೂವತ್ತೆರಡರಲ್ಲಿ ಒಂದು ಪಾಲು. ಸಣ್ಣದೆಂದುಕೊಳ್ಳಬೇಡಿ, ಒಂದೂವರೆ ಅಡಿ ಉದ್ದ. ಪೈಲಟ್ ಮುಂದಿನ ಮೀಟರುಗಳು ರಾಗಿ ಕಾಳಿಗಿಂತ ತುಸು ದಪ್ಪ. ಅವಕ್ಕೂ ಮುಳ್ಳು ಬರೆಯಬೇಕು.

"ಹಾರ್ತದಾ?" ಎಂದಳು ಅವ್ವ.

"ಇಲ್ಲವ್ವ."

"ಕೀ ಕೊಟ್ರೆ ಓಡ್ತದಾ?"

"ಇಲ್ಲ."

"ಮತ್ತೇನ್ ಮಾಡ್ತದೆ?"

"ಸುಮ್ಕೆ ನಿಂತಿರ್ತದೆ."

"ನಿಮ್ಮಪ್ಪನ್ ಥರ" ಎಂದು ಅವ್ವ ಒಳಗೆ ಹೋದಳು.

ವಿಮಾನದ ಎಡರೆಕ್ಕೆಯ ತುದಿಗೆ ಕೆಂಪು ದೀಪ, ಬಲರೆಕ್ಕೆಗೆ ಹಸಿರು. ಅವಕ್ಕೆ ನೇಲ್ ಪಾಲಿಷ್ ಹಚ್ಚಿದರೆ ಗಾಜಿನ ಹೊಳಪು ಬರುತ್ತದೆಂದು ಯಾವುದೋ ವಿಡಿಯೋದಲ್ಲಿ ನೋಡಿ, ಪೇಟೆಯ ಬಳೆ ಅಂಗಡಿಗೆ ಹೋದೆ. ಮದುವೆಯಾಗದ ಗಂಡಸು ಹೆಂಗಸರ ನಡುವೆ ನಿಂತು ಎರಡು ಶೀಶೆ ನೇಲ್ ಪಾಲಿಷ್ ಕೊಂಡರೆ ಆ ಸುದ್ದಿ ಬಸ್ಸಿಗಿಂತ ಮುಂಚೆ ಕುಣಿಗಲ್ ತಲುಪುತ್ತದೆ. ಭಾನುವಾರ ಮಾವ ಬಂದಿಳಿದರು. ಬಾಗಿಲಲ್ಲೇ ವಿಚಾರಣೆ.

"ಯಾರ್ಲಾ ಅವ್ಳು?"

"ಯಾರು ಮಾವ?"

"ಕೆಂಪು ಹಚ್ಕೊಳ್ಳೋಳಾದ್ರೆ ಮಾತಾಡಾನ. ಹಸ್ರು ಹಚ್ಕೊಳ್ಳೋಳು ನಮ್ಮನೆಗೆ ಬ್ಯಾಡ."

ಒಳಗೆ ಕರೆದೊಯ್ದು ವಿಮಾನ ತೋರಿಸಿದೆ. ಮಾವ ಅದರ ಸುತ್ತ ಒಂದು ಸುತ್ತು ಬಂದರು. ಆಗ ಅದರ ಮೂಗಿನ ಮೇಲೆ ಮುಂದಕ್ಕೆ ಚಾಚುವ, ಗಾಳಿಯ ವೇಗ ಅಳೆಯುವ ಕಡ್ಡಿ ಇರಲಿಲ್ಲ. ಅವ್ವ ಕಸ ಗುಡಿಸುವಾಗ ಮುರಿದು ಕಸದ ಜೊತೆ ಹೋಗಿತ್ತು. ಆ ಜಾಗಕ್ಕೆ ನಾನು ಅದೇ ಪೊರಕೆಯಿಂದ ಒಂದು ತೆಂಗಿನ ಕಡ್ಡಿ ಕಿತ್ತು, ಹೆರೆದು ನೇರ ಮಾಡುತ್ತಿದ್ದೆ. ಮಾವ ಅದನ್ನೂ ನೋಡಿದರು.

"ಪರಕೆ ಕಡ್ಡೀಲಿ ವಿಮಾನ! ಇದೂ ನಿನ್ ಡಿಗ್ರಿ ಥರಾನೆ ಬುಡು."

ಡಿಗ್ರಿಯನ್ನು ಏಕೆ ಎಳೆದರೋ ಆಗ ತಿಳಿಯಲಿಲ್ಲ. ತಡವಾಯಿತೆಂದು ಚುಚ್ಚುತ್ತಿದ್ದಾರೆಂದುಕೊಂಡೆ. ದಸರೆ ಮುಗಿದ ಮೇಲಿನ ಭಾನುವಾರ ತುಮಕೂರಿನಲ್ಲೇ ಇಂಥ ಮಾದರಿಗಳ ಪ್ರದರ್ಶನ, ಸ್ಪರ್ಧೆ ಇದೆಯೆಂದು ಗೊತ್ತಿತ್ತು. ಮರುದಿನವೇ ಹೆಸರು ಕೊಟ್ಟು ಬಂದೆ. ಬಿ.ಕಾಂ. ಸಮೇತ.

ಆಮೇಲೆ ನಾನು ಮನುಷ್ಯನಾಗಿ ಉಳಿಯಲಿಲ್ಲ. ಹೊಸ ಬಣ್ಣ ಬಳಿದ ವಿಮಾನವನ್ನು ಹಾರಿ ಹಳತಾದಂತೆ ಕಾಣಿಸಬೇಕು, ಅದೇ ಈ ವಿದ್ಯೆಯ ಸೊಗಸು. ತಗಡಿನ ಜೋಡಣೆಯ ಗೆರೆಗಳಲ್ಲಿ ಎಣ್ಣೆ ಜಿಡ್ಡು, ಬಾಲದ ಹತ್ತಿರ ಹೊಗೆಯ ಕಪ್ಪು. "ಹೊಸಾದ್ಕೆ ಯಾಕ್ಲಾ ಮಸಿ ಬಳೀತೀಯ?" ಎಂದು ಅವ್ವ ಗೋಳಾಡಿದಳು. ಎಲ್ಲ ಮುಗಿದು, ಬಣ್ಣ ಕಾಪಾಡುವ ಕೊನೆಯ ವಾರ್ನಿಷ್ ಒಂದು ಬಾಕಿಯಿತ್ತು. ಆಯುಧಪೂಜೆ ಕಳೆಯಲಿ ಎಂದುಕೊಂಡೆ. ಬುದ್ಧಿ ಕೆಟ್ಟದ್ದು ಅಲ್ಲೇ.

ಹಬ್ಬದ ಬೆಳಿಗ್ಗೆ ಬಾಳೆಕಂದು, ಬೂದುಗುಂಬಳ ತರಲು ಹೋಗಿ ಬಂದರೆ, ನಡುಮನೆಯಲ್ಲಿ ಅವ್ವ ಎಲ್ಲವನ್ನೂ ಸಾಲಾಗಿ ಇಟ್ಟಿದ್ದಳು. ಈಳಿಗೆಮಣೆ, ಮಿಕ್ಸಿ, ಮಚ್ಚು, ನನ್ನ ಕ್ಯಾಲ್ಕುಲೇಟರು. ಕೊನೆಯಲ್ಲಿ ಯುದ್ಧವಿಮಾನ. ಅದರ ಮೂಗಿಗೆ ಮೂರು ಬೆರಳಿನ ವಿಭೂತಿ, ನಡುವೆ ಹೆಬ್ಬೆರಳಿನಲ್ಲಿ ಒತ್ತಿದ ಕುಂಕುಮ, ಬಾಲಕ್ಕೆ ಚೆಂಡು ಹೂವು. ಮೂರು ಚಕ್ರಗಳ ಮುಂದೆ ಮೂರು ನಿಂಬೆಹಣ್ಣು.

"ಅವ್ವಾ!"

"ಎಲ್ಲಾಕೂ ಮಾಡ್ದೆ, ಇದೇನ್ ಪಾಪ ಮಾಡಿತ್ತು?" ಎಂದಳು ಅವ್ವ, ಊದುಬತ್ತಿ ಹಿಡಿದು.

ಒದ್ದೆ ಬಟ್ಟೆಯಲ್ಲಿ ಒರೆಸಿದೆ. ವಾರ್ನಿಷ್ ಇಲ್ಲದ ಬಣ್ಣ ಕುಂಕುಮವನ್ನು ಆಗಲೇ ಕುಡಿದುಬಿಟ್ಟಿತ್ತು. ಅಂಚು ಗುಲಾಬಿಯಾಯಿತೇ ಹೊರತು ಬೊಟ್ಟು ಅಲುಗಲಿಲ್ಲ. ಮತ್ತೆ ಬಣ್ಣ ಬಳಿದು ಅಷ್ಟೆಲ್ಲ ಕೆಲಸ ಮಾಡಲು ಸಮಯವಿರಲಿಲ್ಲ. ಹಬ್ಬದೂಟಕ್ಕೆ ಬಂದಿದ್ದ ಮಾವ ಹೋಳಿಗೆ ಮುರಿಯುತ್ತಾ "ನಾನ್ ಹೇಳ್ಲಿಲ್ವಾ? ಹಾರದೆ ಇರೋ ಗಾಡಿ ನಿಂಬೆಹಣ್ಣ್ ಹೆಂಗ್ ತುಳೀತದೆ?" ಎಂದರು. ನನಗೆ ಅಳುವೇ ಬಂತು. ಅವ್ವನ ಮೇಲೆ ಕೂಗಾಡಿದೆ. "ಒಂದಕ್ಕೆ ಮೂವತ್ತೆರಡು ಕಣವ್ವ ಲೆಕ್ಕ! ನೀನಿಟ್ಟ ಬೊಟ್ಟು ಆ ವಿಮಾನಕ್ಕೆ ಮೊರದಷ್ಟು ಅಗಲ! ಆ ನಿಂಬೆಹಣ್ಣು ಎದೆಯೆತ್ತರದ ಬಂಡೆ!"

ಅವ್ವ ಅಡುಗೆಮನೆಗೆ ಹೋಗಿ ಒಗ್ಗರಣೆ ಡಬ್ಬಿ ತಂದಳು. ಅಂಗೈ ಮೇಲೆ ಮೂರು ಸಾಸಿವೆ ಕಾಳು.

"ಹಂಗಾರೆ ಇದು ಸರಿಹೋಗ್ತದಾ, ಮಗ?"

ನಾನು ಲೆಕ್ಕ ಹಾಕಿದೆ. ಸರಿಹೋಗುತ್ತಿತ್ತು. ಸಿಟ್ಟು ಎಲ್ಲಿಗೆ ಹೋಯಿತೋ ಕಾಣೆ, ನಗು ಬಂತು. ಬೊಟ್ಟು ಹೋಗುವುದಿಲ್ಲವಾದರೆ ಪೂಜೆಯೇ ಪೂರ್ತಿಯಾಗಲಿ! ಕಾಳುಗಳನ್ನು ಗುಂಡುಸೂಜಿಗೆ ಅಂಟಿಸಿ ಹಳದಿ ಬಣ್ಣ ಬಳಿದೆ. ಹಳದಿ ದಾರದ ನಾರು ಬಿಡಿಸಿ ಅವ್ವ ಹಾರ ಗಂಟಿಕ್ಕಿದಳು. ಕುಂಕುಮದ ಮೇಲೆಯೇ ವಾರ್ನಿಷ್ ಹೊಡೆದೆ.

ಭಾನುವಾರ ಮಾವನೂ ಬಂದರು. ನಾನು ಸೋಲುವುದನ್ನು ತಪ್ಪಿಸಿಕೊಳ್ಳುವ ಜನವಲ್ಲ ಅವರು. ತೀರ್ಪುಗಾರರು ವಾಯುಪಡೆಯಿಂದ ನಿವೃತ್ತರಾದ ಹಿರಿಯರು. ಭೂತಗನ್ನಡಿ ಹಿಡಿದು ಬಾಗಿದರು.

"ಇದೇನ್ರೀ ಚಕ್ರದ ಕೆಳಗೆ?"

"ನಿಂಬೆಹಣ್ಣು ಸಾರ್."

ಅವರು ನೆಟ್ಟಗಾದರು, ನನ್ನ ಮುಖ ನೋಡಿದರು, ಮತ್ತೆ ಬಾಗಿದರು. ಅನಂತರ ಸಭಾಂಗಣವೇ ತಿರುಗಿ ನೋಡುವಂತೆ ನಕ್ಕರು. "ನಮ್ಮ ವಿಮಾನ ನಿಲ್ಸೋ ಹ್ಯಾಂಗರಲ್ಲೂ ಇಡ್ತಿದ್ವಿ ಕಣ್ರೀ, ಹಬ್ಬದ ದಿನ. ಇಲ್ಲಿರೋ ಒಂದು ವಿಮಾನಕ್ಕೂ ಯಾರೂ ಇಟ್ಟಿಲ್ಲ ನೋಡಿ. ಆದ್ರೆ ಬೊಟ್ಟು ಮಾತ್ರ ಅಳತೆ ಮೀರಿದೆ."

"ಅದು ನಮ್ಮವ್ವನ ಹೆಬ್ಬೆರಳು ಸಾರ್, ಅದಕ್ಕೆ ಅಳತೆ ಇಲ್ಲ."

ಬೊಟ್ಟಿಗೆ ಅಂಕ ಕಳೆದೇ ಕಳೆದರು. ಎರಡನೇ ಬಹುಮಾನ ಬಂತು. ಮೈಕಿನಲ್ಲಿ ನನ್ನ ಹೆಸರು, ಹಿಂದೆಯೇ "ಬಿ.ಕಾಂ." ಎಂದು ಗಟ್ಟಿಯಾಗಿ ಓದಿದರು. ಮೆಟ್ಟಿಲು ಹತ್ತಿದೆ. ಆ ಹಿರಿಯರು ಎರಡೂ ಕೈಯಲ್ಲಿ ಪ್ರಮಾಣಪತ್ರ ಕೊಟ್ಟರು, ನನ್ನ ಮುಖ ನೋಡಿ ಕೊಟ್ಟರು. ಕೆಳಗೆ ಅವ್ವ ಸೆರಗಿನಿಂದ ಕಣ್ಣೊರೆಸುತ್ತಿದ್ದಳು. ಪಕ್ಕದಲ್ಲಿ ಮಾವ ಬಾಯಿ ತೆರೆದು ಕೂತಿದ್ದರು.

ಆಟೋದಲ್ಲಿ ಮಾವ ಪ್ರಮಾಣಪತ್ರ ಇಸಿದುಕೊಂಡು ಅಕ್ಷರದ ಕೆಳಗೆ ಬೆರಳಿಟ್ಟು ಓದಿದರು.

"ಇದು ನಿಜಾನೇ ಏನ್ಲಾ?"

"ಬಹುಮಾನಾನಾ ಮಾವ?"

"ಅಲ್ಲಲೇ, ಬಿಕಾಂ! ಇದ್ರಾಗೂ ಬರ್ದವ್ರೆ. ಕೌಂಟರ್‌ನಾಗೆ ಕೊಟ್ರು ಅಂದ್ಯಲ್ಲ ಅವತ್ತು. ಕೌಂಟರ್‌ನಾಗೆ ಟಿಕೀಟ್ ಕೊಡ್ತಾರೆ, ಡಿಗ್ರಿ ಕೊಡ್ತಾರಾ? ಹುಡ್ಗ ಫೇಲಾಗಿ ಎಲ್ಲೋ ಪ್ರಿಂಟ್ ಹಾಕ್ಸ್ಕೊಂಡ್ ಬಂದವ್ನೆ, ಹೆಸ್ರು ಕೆಡ್ಸೋದ್ ಬ್ಯಾಡ ಅಂತ ನಾನೂ ಇಷ್ಟ್ ವರ್ಷ ಸುಮ್ಕಿದ್ದೆ."

ಇಷ್ಟು ವರ್ಷ ನಾನು ಮಾವನನ್ನು ಬೈದುಕೊಂಡಿದ್ದೆ. ಅವರು ನನ್ನ ಮಾನ ಕಾಯುತ್ತಿದ್ದರು.

ಸಾಸಿವೆ ಸಿಕ್ಕಿತು. ಮಂಚದ ಕಾಲಿನ ಹತ್ತಿರವಿತ್ತು. ಈಗಷ್ಟೇ ಅಂಟು ಹಚ್ಚಿ ಚಕ್ರದಡಿ ಕೂರಿಸಿದೆ. ಗೋಡೆಯಲ್ಲಿ ಎರಡು ಪತ್ರಗಳಿವೆ. ಹಬ್ಬಕ್ಕೆ ಬಂದಿರುವ ಮಾವ ಪಕ್ಕದ ಮನೆಯವರನ್ನು ಒಳಗೆ ಕರೆತಂದು, ವಿಶ್ವವಿದ್ಯಾಲಯದ ಮುದ್ರೆಯಿರುವುದನ್ನು ಕಣ್ಣೆತ್ತಿಯೂ ನೋಡದೆ, ವಿಮಾನದ ಚಿತ್ರವಿರುವುದಕ್ಕೆ ಬೆರಳು ತಟ್ಟಿ ಹೇಳುತ್ತಿದ್ದಾರೆ:

"ನಮ್ ಹುಡ್ಗ ಬಿಕಾಂ ಮಾಡವ್ನೆ ಕಣಪ್ಪ. ಸುಳ್ಳಲ್ಲ. ವಿಮಾನದೋರೇ ಬರ್ದ್ ಕೊಟ್ಟವ್ರೆ."